ಮುಂಬಯಿ ಮಳೆಯಲ್ಲಿ ಹಳೆಯ ತೆರೆದ ಕಾರನ್ನು ಕಾಪಾಡಿಕೊಳ್ಳುವ ಬಗೆ

ತುಳುನಾಡಿನ ನಮ್ಮ ಊರಿನಲ್ಲಿ ಮಳೆಗಾಲಕ್ಕೆ ಮುಂಚಿನ ಗಡುವಿನ ದಿನವಾದ ಪತ್ತನಾಜೆ ಬಂತೆಂದರೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮನೆ ಮನೆಯಲ್ಲಿ ಅಂಗಳದ ತೋಡು (ನೀರು ಹರಿಯುವ ಕಾಲುವೆ) ಬಿಡಿಸುವ ಕೆಲಸ ಶುರುವಾಗುತ್ತದೆ. ಮೇ ಕೊನೆಯ ಆ ದಿನಗಳಲ್ಲಿ ನಾನು ಮುಂಬಯಿಯ ಮುಲುಂಡಿನ ನಮ್ಮ ಕಟ್ಟಡದ ಕೆಳಗೆ ಟಾರ್ಚು ಮತ್ತು ನೈಲಾನ್ ದಾರ ಹಿಡಿದು ಕಾರಿನ ಸೀಟುಗಳ ಹಿಂದೆ ಬಗ್ಗಿ ಕುಳಿತಿರುತ್ತೇನೆ. ಅದೂ ತೋಡು ಬಿಡಿಸುವ ಕೆಲಸವೇ.

ಕಾರು ಮಾಜ್ದಾ ಎಂಎಕ್ಸ್-5, 1999ರ ಮಾಡೆಲ್, ಎರಡೇ ಸೀಟು, ಮೇಲೆ ಮಡಚಬಹುದಾದ ಕಪ್ಪು ವಿನೈಲ್ ಹೊದಿಕೆ, ಅಂದರೆ ಹುಡ್. ನನ್ನ ಸೋದರಮಾವ ಬ್ರಿಟನ್ನಿನಿಂದ ಮರಳುವಾಗ ಜೊತೆಗೆ ತಂದದ್ದು. ಮೊಣಕಾಲು ಬಗ್ಗದಂತಾದ ಮೇಲೆ ಅವರು ಬೀಗದ ಕೈ ನನಗೆ ಕೊಟ್ಟರು. ಮಾಜ್ದಾ ಎಂದರೆ ನಮ್ಮ ದೇಶದಲ್ಲಿ ಜನರಿಗೆ ನೆನಪಾಗುವುದು ಸ್ವರಾಜ್ ಮಾಜ್ದಾ ಲಾರಿ. ಆ ಕಂಪನಿಯ ಸ್ಪೋರ್ಟ್ಸ್ ಕಾರಿಗೆ ಇಲ್ಲಿ ಶೋರೂಮೂ ಇಲ್ಲ, ಸರ್ವಿಸ್ ಕೇಂದ್ರವೂ ಇಲ್ಲ. ಹಾಗಿದ್ದರೂ ಇದನ್ನು ಮನೆಯಲ್ಲಿಯೇ ನೋಡಿಕೊಳ್ಳಲು ಸಾಧ್ಯ. 1989ರಲ್ಲಿ ಶಿಕಾಗೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಈ ಮಾಡೆಲ್ 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತ್ತು. ಅಷ್ಟು ಜನರ ಕೈಯಲ್ಲಿ ಬಿಚ್ಚಿ ಕಟ್ಟಿಸಿಕೊಂಡ ಕಾರಿನಲ್ಲಿ ಗುಟ್ಟು ಎಂಬುದು ಹೆಚ್ಚೇನೂ ಉಳಿದಿಲ್ಲ. ನಿಮ್ಮ ಬಳಿ ಇರುವುದು ಬೇರೆ ಕಾರಾಗಿರಬಹುದು: ಹಳೆಯ ಬಿಎಂಡಬ್ಲ್ಯು ಜೆಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಅಥವಾ ನಮ್ಮದೇ ಸ್ಯಾನ್ ಸ್ಟಾರ್ಮ್. ಸ್ಟಾರ್ಮ್‌ಗೆ ಫೈಬರ್ ಮೈ, ಹಾಗಾಗಿ ಹೊರಮೈಗೆ ತುಕ್ಕಿನ ಭಯ ಕಡಿಮೆ. ಉಳಿದಂತೆ ಕೆಳಗೆ ಹೇಳುವ ಬಹುಪಾಲು ಎಲ್ಲ ತೆರೆದ ಕಾರುಗಳಿಗೂ ಹೊಂದುತ್ತದೆ.

ಮಾವ ಬೀಗದ ಕೈ ಕೊಡುವಾಗ ಹೇಳಿದ ಮಾತು ಒಂದೇ. "ಮಳೆ ಬಿದ್ದರೆ ನೆಗಡಿ ಅಳಿಯಾ, ನೀರು ನಿಂತರೆ ಕ್ಷಯ." ಹುಡ್ ಎಷ್ಟೇ ಹೊಸದಾಗಿದ್ದರೂ ಸ್ವಲ್ಪ ನೀರು ಒಳಗೆ ಬರುತ್ತದೆ. ಕಾರು ತಯಾರಿಸಿದವರಿಗೂ ಇದು ಗೊತ್ತಿತ್ತು, ಅದಕ್ಕೇ ಅವರು ಬಂದ ನೀರು ಹೊರಗೆ ಹೋಗಲು ದಾರಿ ಇಟ್ಟಿದ್ದಾರೆ. ನಮ್ಮ ಅರ್ಧ ಕೆಲಸ ಆ ದಾರಿಗಳನ್ನು ತೆರೆದಿಡುವುದು.

ಕೊಳ್ಳುವ ಮೊದಲು: ಕಾರ್ಪೆಟ್ ಎತ್ತಿ ನೋಡಿ

ಇಂಜಿನ್ ಸದ್ದು, ಬಣ್ಣದ ಹೊಳಪು ಆಮೇಲೆ. ಮೊದಲು ಕಿಟಕಿ ಮುಚ್ಚಿ ನಿಲ್ಲಿಸಿದ ಕಾರಿನ ಬಾಗಿಲು ತೆರೆದು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ಎಲ್ಲೋ ನೀರು ನಿಂತಿದೆ. ಸೀಟುಗಳ ಹಿಂದಿನ ಕಾರ್ಪೆಟ್ ಎತ್ತಿ ಕೆಳಗಿನ ದಪ್ಪ ಪದರವನ್ನು ಬೆರಳಿನಿಂದ ಒತ್ತಿ. ಮೇಲ್ಮೈ ಒಣಗಿ ಅಡಿಯಲ್ಲಿ ಪಸೆ ಇರುವುದು ಸಾಮಾನ್ಯ. ನಂತರ ಡಿಕ್ಕಿ. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿದೆ. ಯಾರಾದರೂ ಸಾಧಾರಣ ಬ್ಯಾಟರಿ ಹಾಕಿದ್ದರೆ ಅದರ ಆಮ್ಲದ ಆವಿಗೆ ಸುತ್ತಲಿನ ತಗಡು ಬೆಳ್ಳಗೆ ಹೊಪ್ಪಳೆ ಎದ್ದಿರುತ್ತದೆ. ಇಲ್ಲಿ ಬೇಕಾದದ್ದು ಪೂರ್ತಿ ಮುಚ್ಚಿದ ಎಜಿಎಂ (ಆಮ್ಲವನ್ನು ಗಾಜುನಾರಿನ ಪದರ ಹೀರಿಟ್ಟುಕೊಂಡ) ಬ್ಯಾಟರಿ, ಜೊತೆಗೆ ಅನಿಲವನ್ನು ಹೊರಗೆ ಒಯ್ಯುವ ಸಣ್ಣ ಕೊಳವೆಗಳು ಅವುಗಳ ಜಾಗದಲ್ಲಿ ಜೋಡಿಸಿರಬೇಕು.

ಇನ್ನು ಹೊಸ್ತಿಲು. ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಸಾಗುವ ಪೆಟ್ಟಿಗೆಯಂಥ ಉಕ್ಕಿನ ಭಾಗವನ್ನು ನಾನು ಹೀಗೆ ಕರೆಯುತ್ತೇನೆ. ಮಾಮೂಲಿ ಕಾರಿನಲ್ಲಿ ಚಾವಣಿಯೂ ಭಾರ ಹೊರುತ್ತದೆ. ತೆರೆದ ಕಾರಿಗೆ ಚಾವಣಿ ಇಲ್ಲ, ಆದ್ದರಿಂದ ಹೊಸ್ತಿಲೇ ಬೆನ್ನೆಲುಬು. ಅದರ ಹಿಂದಿನ ತುದಿಯನ್ನು, ಹಿಂಚಕ್ರದ ಮುಂದಿನ ಜಾಗವನ್ನು, ಗೆಣ್ಣಿನಿಂದ ತಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಪುಟ್ಟಿ ತುಂಬಿದ ಜಾಗ ಮಂಕಾಗಿ ಸದ್ದು ಮಾಡುತ್ತದೆ. ಬಟ್ಟೆ ಸುತ್ತಿದ ಅಯಸ್ಕಾಂತ ಹಿಡಿದರೆ ಪುಟ್ಟಿಯ ಮೇಲೆ ಅದು ಅಂಟುವುದಿಲ್ಲ. ಹೊಸ್ತಿಲು ಕೊಳೆತ ಕಾರನ್ನು, ಬೆಲೆ ಎಷ್ಟೇ ಇಳಿಸಿದರೂ, ಬಿಟ್ಟುಬಿಡಿ. ಇಂಜಿನ್ ಕೆಟ್ಟಿದ್ದರೆ ಬೇರೆ ಕೂರಿಸಬಹುದು, ಬೆನ್ನೆಲುಬು ಹಾಗಲ್ಲ.

ತೋಡು ಬಿಡಿಸುವುದು

ಹುಡ್‌ನ ಹಿಂಭಾಗದ ಅಂಚಿನಲ್ಲಿ ಒಂದು ಪಟ್ಟಿ ಇದೆ. ಸೂರಿನ ದೋಣಿಯ ಹಾಗೆ ಅದು ಮಳೆನೀರನ್ನು ಹಿಡಿದು ಎರಡೂ ಬದಿಗೆ ಒಯ್ಯುತ್ತದೆ. ಎಡಕ್ಕೊಂದು, ಬಲಕ್ಕೊಂದು, ಸೀಟ್‌ಬೆಲ್ಟ್ ಹೊರಬರುವ ಕಂಬದ ಹಿಂದೆ ಒಂದೊಂದು ರಂಧ್ರ. ಅಲ್ಲಿಂದ ಕೊಳವೆಯ ಮೂಲಕ ನೀರು ಇಳಿದು ಹಿಂದಿನ ಚಕ್ರದ ಮುಂದೆ, ಕಾರಿನ ಅಡಿಯಲ್ಲಿ ಬೀಳುತ್ತದೆ. ಈ ಕೊಳವೆ ಕಟ್ಟಿತೆಂದರೆ ನೀರು ಉಕ್ಕಿ ಸೀಟಿನ ಹಿಂದೆ ಇಳಿಯುತ್ತದೆ, ಅಲ್ಲಿಂದ ಹೊಸ್ತಿಲಿನೊಳಗೆ ಸೇರುತ್ತದೆ. ಮೇಲೆ ಹೇಳಿದ ಕೊಳೆತ ಶುರುವಾಗುವುದು ಇಲ್ಲಿಂದಲೇ.

ಮುಂಬಯಿಯಲ್ಲಿ ಇದನ್ನು ಕಟ್ಟಿಸುವುದು ರೈನ್‌ಟ್ರೀ ಮತ್ತು ಗುಲ್‌ಮೊಹರ್ ಮರಗಳ ಎಲೆಗಳು. ಹುಣಸೆ ಎಲೆಯಷ್ಟು ಸಣ್ಣ ಚೂರುಗಳು ರಸ್ತೆಯ ದೂಳಿನೊಂದಿಗೆ ಸೇರಿ ಗೊಬ್ಬರದಂತಾಗಿ ಕೂರುತ್ತವೆ. ಅಂಥ ಮರದ ಕೆಳಗೆ ನೆರಳಿಗಾಗಿ ನಿಲ್ಲಿಸುವ ಆಸೆಯಾಗುತ್ತದೆ. ಬಿಸಿಲೇ ವಾಸಿ ಎಂದು ನನ್ನ ಅಭಿಪ್ರಾಯ.

ಕೆಲಸ ಮಾಡುವ ಕ್ರಮ ಹೀಗೆ. ಹುಡ್ ಅರ್ಧ ಮಡಚಿ, ಟಾರ್ಚು ಹಾಕಿ ರಂಧ್ರವನ್ನು ಹುಡುಕಿ. ಕಾಣುವ ಎಲೆ, ಮಣ್ಣನ್ನು ಕೈಯಿಂದ ಅಥವಾ ಚಿಮಟದಿಂದ ತೆಗೆಯಿರಿ. ತಳ್ಳಬೇಡಿ, ತಳ್ಳಿದರೆ ಕೊಳವೆಯೊಳಗೆ ಬಿರಡೆಯಾಗುತ್ತದೆ. ನಂತರ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಾಕುವ ದಪ್ಪ ನೈಲಾನ್ ದಾರವನ್ನು ಒಂದೂವರೆ ಮೀಟರಿನಷ್ಟು ತೆಗೆದುಕೊಂಡು, ಅದರ ತುದಿಯನ್ನು ಬೆಂಕಿಯಲ್ಲಿ ತುಸು ಕರಗಿಸಿ ಗುಂಡಗೆ ಮಾಡಿ, ಮೇಲಿನಿಂದ ನಿಧಾನವಾಗಿ ತಿರುಗಿಸುತ್ತ ಇಳಿಸಿ. ಕಬ್ಬಿಣದ ತಂತಿ ಬೇಡ, ಅದು ಕೊಳವೆಯನ್ನು ತೂತು ಮಾಡುತ್ತದೆ. ದಾರ ಆಡತೊಡಗಿದ ಮೇಲೆ ಅರ್ಧ ಲೀಟರ್ ನೀರನ್ನು ಸಣ್ಣ ಧಾರೆಯಾಗಿ ಹುಯ್ಯಿರಿ. ಕೆಳಗೆ ಒಬ್ಬರು ಬಗ್ಗಿ ನೋಡುತ್ತಿರಬೇಕು. ನಮ್ಮಲ್ಲಿ ಅದು ನನ್ನ ಮಗಳ ಕೆಲಸ. "ಅಪ್ಪಾ, ಬಂತು" ಎಂದು ಅವಳು ಕೂಗುವವರೆಗೆ ನಾನು ಉಸಿರು ಬಿಗಿಹಿಡಿದಿರುತ್ತೇನೆ. ನೀರು ತಡವಿಲ್ಲದೆ, ಹುಯ್ದಷ್ಟೂ ಹೊರಗೆ ಬರಬೇಕು. ತೊಟ್ಟಿಕ್ಕಿದರೆ ಸಾಲದು.

ಒಂದು ಎಚ್ಚರಿಕೆ. ಎರಡನೆಯ ವರ್ಷ ನಾನು ಈ ಕೆಲಸವನ್ನು ಒಂದು ಗ್ಯಾರೇಜಿಗೆ ಒಪ್ಪಿಸಿದೆ. ಅವರು ಟೈರಿಗೆ ಹಾಕುವ ಗಾಳಿಯ ಒತ್ತಡವನ್ನೇ ರಂಧ್ರಕ್ಕೆ ಬಿಟ್ಟರು. ಕಸ ಹೋಯಿತು, ಜೊತೆಗೆ ಎಡಬದಿಯ ಕೊಳವೆಯೂ ಬುಡದಲ್ಲಿ ಕಳಚಿಕೊಂಡಿತು. ಜುಲೈ ಪೂರ್ತಿ ನೀರು ನೇರವಾಗಿ ಹೊಸ್ತಿಲಿನೊಳಗೆ ಇಳಿಯಿತು, ಗೊತ್ತಾದದ್ದು ಗಣೇಶ ಚೌತಿಗೆ, ತಿರುವಿನಲ್ಲಿ ಬಾಗಿಲ ಕೆಳಗೆ ಗುಳುಗುಳು ಸದ್ದು ಕೇಳಿದಾಗ. ಅಂದಿನಿಂದ ಗಾಳಿಯ ಪೈಪನ್ನು ಹತ್ತಿರ ಬಿಟ್ಟಿಲ್ಲ.

ಹಿಂದಿನ ರಂಧ್ರಗಳನ್ನು ಬಿಡಿಸಿದ ಮೇಲೆ ಮುಂದಕ್ಕೆ ಬನ್ನಿ. ಗಾಜಿನ ಬುಡದಲ್ಲಿ, ವೈಪರ್ ಕೆಳಗಿನ ಜಾಲರಿಯೊಳಗೂ ಎಲೆ ಸೇರುತ್ತದೆ. ಅಲ್ಲಿನ ನೀರು ಮುಂದಿನ ಮಡ್‌ಗಾರ್ಡಿನ ಒಳಗಿನಿಂದ ಇಳಿಯುವುದರಿಂದ, ಚಕ್ರದ ಹಿಂದಿರುವ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿದರೆ ಒಂದು ಬೊಗಸೆ ಕಪ್ಪು ಮಣ್ಣು ಸಿಗುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು ತೊಳೆಯಿರಿ. ಬಾಗಿಲಿನ ಅಡಿಯಂಚಿನಲ್ಲಿಯೂ ಸಣ್ಣ ತೂತುಗಳಿವೆ; ಹಲ್ಲುಕಡ್ಡಿ ಸಾಕು.

ಹುಡ್

ಎರಡು ಜಾತಿ. ವಿನೈಲ್ ಹುಡ್ ಮುಟ್ಟಿದರೆ ರೆಕ್ಸಿನ್ ಹಾಗಿರುತ್ತದೆ, ಮೊಹೇರ್ ಎಂದು ಕರೆಯುವುದು ನೇಯ್ದ ಬಟ್ಟೆ. ವಿನೈಲನ್ನು ಮೆದು ಸಾಬೂನು ನೀರು, ಮೆತ್ತನೆಯ ಬ್ರಷ್ಷಿನಿಂದ ತೊಳೆದು, ಒಣಗಿಸಿ, ಬಿಸಿಲಿನ ಹೊಡೆತ ತಡೆಯುವ ದ್ರವ ಹಚ್ಚಿ. ಬಟ್ಟೆಯ ಹುಡ್‌ಗೆ ಬಟ್ಟೆ ಒಗೆಯುವ ಪುಡಿಯನ್ನು ಹಾಕಲೇಬೇಡಿ, ನೀರು ತಡೆಯುವ ಲೇಪ ಅದರೊಂದಿಗೆ ತೊಳೆದುಹೋಗುತ್ತದೆ. ನೀರಿನ ಹನಿ ಮುತ್ತಿನಂತೆ ಉರುಳದೆ ಹೀರಿಕೊಂಡರೆ ಹೊಸ ಲೇಪ ಸಿಂಪಡಿಸುವ ಕಾಲ ಬಂದಿದೆ ಎಂದು ತಿಳಿಯಿರಿ.

ಒದ್ದೆ ಹುಡ್ ಮಡಚಬೇಡಿ. ಮಡಿಕೆಯೊಳಗೆ ಒಂದೇ ರಾತ್ರಿ ಪಸೆ ಉಳಿದರೂ ನಮ್ಮ ಹವೆಯಲ್ಲಿ ಬೂಷ್ಟು ಹಿಡಿಯುತ್ತದೆ. ಮೊದಲ ಪೀಳಿಗೆಯ ಎಂಎಕ್ಸ್-5ಕ್ಕೆ ಹಿಂದೆ ಪ್ಲಾಸ್ಟಿಕ್ ಕಿಟಕಿ. ಮಡಚುವ ಮೊದಲು ಅದರ ಜಿಪ್ ಬಿಚ್ಚಿ ಚಪ್ಪಟೆಯಾಗಿ ಮಲಗಿಸಬೇಕು, ಇಲ್ಲವಾದರೆ ನಡುವೆ ಸೀಳುತ್ತದೆ. ಎರಡನೆಯ ಪೀಳಿಗೆಗೆ ಗಾಜು ಬಂದದ್ದರಿಂದ ಆ ತಾಪತ್ರಯವಿಲ್ಲ. ಸುತ್ತಲಿನ ರಬ್ಬರ್ ಪಟ್ಟಿಗಳಿಗೆ ಎರಡು ತಿಂಗಳಿಗೊಮ್ಮೆ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೆಳ್ಳಗೆ ಸವರಿ. ವ್ಯಾಸಲೀನ್ ಹಚ್ಚುವವರಿದ್ದಾರೆ, ಅದು ಪೆಟ್ರೋಲಿಯಂ ಜೆಲ್ಲಿ, ಕ್ರಮೇಣ ರಬ್ಬರ್ ಊದಿ ಮೆತ್ತಗಾಗುತ್ತದೆ.

ಸೂಜಿಯಷ್ಟು ತೂತು, ಬಿಟ್ಟ ಹೊಲಿಗೆ ಕಂಡರೆ ಒಳಬದಿಯಿಂದ ಅದೇ ವಸ್ತುವಿನ ತುಂಡು ಅಂಟಿಸಿ. ಹುಡ್ ಪೂರ್ತಿ ಬದಲಿಸುವುದು ಮನೆಯಲ್ಲಿ ಮಾಡುವ ಕೆಲಸವಲ್ಲ ಎಂದು ನನಗೆ ಅನಿಸುತ್ತದೆ. ಹೊಲಿದು ಸಿದ್ಧವಾದ ಹುಡ್ ಅನ್ನು ಹೊರದೇಶದಿಂದ ತರಿಸಿ, ಸೀಟು ಹೊಲಿಯುವ ನುರಿತ ಕೈಗೆ ಕೊಡಿ. ಹಳೆಯದನ್ನು ಬಿಚ್ಚುವಾಗ ಮೇಲೆ ಹೇಳಿದ ನೀರಿನ ಪಟ್ಟಿ ಮುರಿಯದಂತೆ ನೀವು ಪಕ್ಕದಲ್ಲಿ ನಿಂತಿರಿ.

ತುಕ್ಕು

ಮೇಲೆ ಗುಳ್ಳೆ ಎದ್ದಿದ್ದರೆ ಒಳಗಿನಿಂದ ತಿಂದಾಗಿದೆ, ಅದು ವೆಲ್ಡಿಂಗ್ ಕೆಲಸ. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸುವವರ ಬಳಿಗೆ ಹೋಗಿ. ಪುಟ್ಟಿ ಮೆತ್ತಿ ಬಣ್ಣ ಹೊಡೆದು ಸಂಜೆಯೇ ಕೊಡುತ್ತೇವೆ ಎನ್ನುವವರ ಬಳಿಗಲ್ಲ. ಬರೀ ಮೇಲ್ಮೈ ತುಕ್ಕಾದರೆ ನೀವೇ ಮಾಡಬಹುದು. ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಸಣ್ಣ ಕುಳಿಗಳಲ್ಲಿ ಉಳಿದ ತುಕ್ಕಿಗೆ ಅದನ್ನು ಗಟ್ಟಿ ಪದರವಾಗಿಸುವ ತುಕ್ಕು ಪರಿವರ್ತಕ ದ್ರವ ಹಚ್ಚಿ, ಅದು ಪೂರ್ತಿ ಒಣಗಿದ ಮೇಲೆ ಸತುವಿನ ಪ್ರೈಮರ್, ಮೇಲೆ ಬಣ್ಣ. ಫೆಬ್ರುವರಿಯಲ್ಲಿ ಮಾಡಿ. ಮೇ ತಿಂಗಳ ಬೆವರುವ ಹವೆಯಲ್ಲಿ ತೇವದ ಮೇಲೆಯೇ ಬಣ್ಣ ಬಳಿದಂತಾಗುತ್ತದೆ.

ಹೊಸ್ತಿಲಿನ ಒಳಗೆ ಮೇಣ ಸಿಂಪಡಿಸುವುದು ಎಲ್ಲಕ್ಕಿಂತ ಲಾಭದ ಕೆಲಸ. ಟೊಳ್ಳು ಭಾಗಗಳಿಗೆಂದೇ ಮಾಡಿದ ಮೇಣದ ಡಬ್ಬಿಯೊಂದಿಗೆ ಉದ್ದನೆಯ ಕೊಳವೆ ಬರುತ್ತದೆ. ಹೊಸ್ತಿಲಿನ ರಬ್ಬರ್ ಬಿರಡೆಗಳನ್ನು ತೆಗೆದು, ಕೊಳವೆಯನ್ನು ತುದಿಯವರೆಗೆ ತೂರಿಸಿ, ಹಿಂದಕ್ಕೆ ಎಳೆಯುತ್ತ ಸಿಂಪಡಿಸಿ. ಕೆಳಗಿನ ತೂತುಗಳಿಂದ ಮೇಣ ತೊಟ್ಟಿಕ್ಕಬೇಕು. ಮರುದಿನ ಆ ತೂತುಗಳು ಮೇಣದಿಂದಲೇ ಮುಚ್ಚಿಹೋಗಿಲ್ಲವೇ ಎಂದು ನೋಡಲು ಮರೆಯಬೇಡಿ.

ಕಾರಿನ ಅಡಿಗೆ ಹೋಗುವಾಗ ಜಾಕ್ ಒಂದನ್ನೇ ಎಂದೂ ನಂಬಬೇಡಿ. ಸಮತಟ್ಟಾದ ಕಾಂಕ್ರೀಟು, ಎರಡು ಗಟ್ಟಿ ಸ್ಟ್ಯಾಂಡು, ಎದುರು ಚಕ್ರಕ್ಕೆ ಮರದ ತುಂಡು. ಸ್ಟ್ಯಾಂಡಿನ ಮೇಲೆ ಕೂರಿಸಿದ ನಂತರ ಕಾರನ್ನು ಕೈಯಿಂದ ಬಲವಾಗಿ ಅಲುಗಾಡಿಸಿ ನೋಡಿಯೇ ಒಳಗೆ ಹೋಗಿ.

ಇಂಜಿನ್, ಕ್ಲಚ್, ಬ್ರೇಕು

ಇಂಜಿನ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಇದರ 1.8 ಲೀಟರ್ ಇಂಜಿನ್ ಬಹಳ ಗಟ್ಟಿ. ಆಯಿಲನ್ನು ಐದು ಸಾವಿರ ಕಿಲೋಮೀಟರಿಗೆ ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸಿ; ಸುಮಾರು ನಾಲ್ಕು ಲೀಟರ್ ಹಿಡಿಯುತ್ತದೆ. ಫಿಲ್ಟರ್ ಇಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ ಅವಿತುಕೊಂಡಿದೆ, ಇಂಜಿನ್ ತಣಿಯುವವರೆಗೆ ಕಾಯಿರಿ. ತೆಗೆದ ಆಯಿಲನ್ನು ಸೊಸೈಟಿಯ ಗಟಾರಕ್ಕೆ ಸುರಿಯುವುದು ತಪ್ಪು. ಡಬ್ಬಿಗೆ ತುಂಬಿ ಹಳೆ ಆಯಿಲ್ ಕೂಡಿಹಾಕುವ ಗ್ಯಾರೇಜಿಗೆ ಕೊಡಿ. ಇಂಜಿನ್ನಿನ ವಾಲ್ವುಗಳನ್ನು ತಾಳಕ್ಕೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟಿನ ಆಯುಸ್ಸು ಒಂದು ಲಕ್ಷ ಕಿಲೋಮೀಟರ್ ಎನ್ನುತ್ತಾರೆ. ಆದರೆ ಅದು ರಬ್ಬರು, ಓಡದಿದ್ದರೂ ಮುದಿಯಾಗುತ್ತದೆ. ಹಿಂದಿನವರು ಎಂದು ಬದಲಿಸಿದರೆಂದು ಬರವಣಿಗೆಯಲ್ಲಿ ಇಲ್ಲದಿದ್ದರೆ ಬದಲಿಸಿಬಿಡಿ, ಜೊತೆಗೆ ವಾಟರ್ ಪಂಪ್ ಕೂಡ, ಏಕೆಂದರೆ ಬಿಚ್ಚುವ ಶ್ರಮ ಒಂದೇ. ರೇಡಿಯೇಟರಿನ ಮೇಲಿನ ಪ್ಲಾಸ್ಟಿಕ್ ಹೊಸದಿದ್ದಾಗ ಕಪ್ಪು; ಅದು ಕಂದು ಬಣ್ಣಕ್ಕೆ ತಿರುಗಿದ್ದರೆ ಬಿರುಕು ಬಿಡುವ ದಿನ ದೂರವಿಲ್ಲ. ಸಾಯನ್ ವೃತ್ತದ ಸಂಜೆಯ ವಾಹನಗಳ ಸಾಲಿನಲ್ಲಿ ಅದು ಬಿರಿಯುವ ಮೊದಲೇ ಹೊಸದು ಹಾಕಿ.

ಈ ಕಾರಿನ ಕ್ಲಚ್ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಆಯಿಲಿನ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಸೋರುವುದು ಜಗತ್ತಿನೆಲ್ಲೆಡೆ ಒಂದೇ ಕಥೆ. ಅದರ ರಬ್ಬರ್ ಟೋಪಿಯನ್ನು ಬೆರಳಿನಿಂದ ಎತ್ತಿ ನೋಡಿ, ಒದ್ದೆಯಾಗಿದ್ದರೆ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ಎರಡು ವರ್ಷಕ್ಕೊಮ್ಮೆ ಬದಲಿಸಿ ಎಂಬುದು ಸಾಮಾನ್ಯ ಲೆಕ್ಕ. ನಾನು ಪ್ರತಿ ಮಳೆಗಾಲ ಕಳೆದ ಮೇಲೆ ಬದಲಿಸುತ್ತೇನೆ.

ಟೈರಿನಲ್ಲಿ ಈ ಕಾರಿಗೆ ಬೇಕಾದ ಗಾಳಿ 26 ಪಿಎಸ್‌ಐ ಮಾತ್ರ. ಬಂಕಿನ ಹುಡುಗ ರೂಢಿಯ ಮೇಲೆ 35 ತುಂಬಿಬಿಡುತ್ತಾನೆ. ಆಗ ಒಂದು ಟನ್ನಿನಷ್ಟೇ ತೂಗುವ ಈ ಹಗುರ ಕಾರು ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಸ್ವಂತ ಗೇಜು ಇಟ್ಟುಕೊಳ್ಳಿ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನೂ ನೋಡಿ: 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರಿನ ಟೈರು ಸವೆಯದೆಯೇ ಗಟ್ಟಿಯಾಗುತ್ತದೆ.

ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. 1999ರಲ್ಲಿ ಈ ಕಾರು ಕಟ್ಟಿದವರು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಎಥನಾಲ್ ನೀರನ್ನು ಸೆಳೆಯುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಇಪ್ಪತ್ತೈದು ವರ್ಷದ ಪೆಟ್ರೋಲ್ ಹೋಸುಗಳನ್ನು ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಒತ್ತಡ ತಡೆಯುವ, ಎಥನಾಲ್ ಸಹಿಸುವ ಹೊಸ ಹೋಸುಗಳಿಗೆ ಬದಲಿಸುವುದನ್ನು ಮುಂದೂಡಬೇಡಿ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಅಂದೇ ಕಾರು ನಿಲ್ಲಿಸಿ.

ಬಿಡಿಭಾಗ ಎಲ್ಲಿ

ಹುಡ್, ಗಾಜಿನ ರಬ್ಬರ್, ಹೊಸ್ತಿಲಿನ ತಗಡು: ಇವು ಬ್ರಿಟನ್, ಅಮೆರಿಕ, ಜಪಾನುಗಳಿಂದಲೇ ಬರಬೇಕು. ಕಸ್ಟಮ್ಸ್ ಸುಂಕವನ್ನೂ ಸೇರಿಸಿ ಲೆಕ್ಕ ಹಾಕಿ, ಸಣ್ಣ ಸಣ್ಣದಾಗಿ ತರಿಸದೆ ವರ್ಷಕ್ಕೊಂದು ಪಟ್ಟಿ ಮಾಡಿ ಒಟ್ಟಿಗೆ ತರಿಸಿ. ಆದರೆ ಎಷ್ಟೋ ವಸ್ತುಗಳು ಇಲ್ಲಿಯೇ ಇವೆ. ಬೇರಿಂಗಿನ ಮೇಲೆ ಅಚ್ಚಾದ ಸಂಖ್ಯೆ ಜಗತ್ತಿಗೆಲ್ಲ ಒಂದೇ: 6203 ಎಂದರೆ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿಲಿಮೀಟರ್, ಕಾರು ಯಾವುದೇ ಇರಲಿ. ಹಳೆಯದನ್ನು ಕಾಗದದಲ್ಲಿ ಸುತ್ತಿಕೊಂಡು ಮಸ್ಜಿದ್ ಬಂದರ್ ರೈಲು ನಿಲ್ದಾಣದಲ್ಲಿಳಿದು ನಾಗದೇವಿ ಬೀದಿಗೆ ಹೋಗಿ. ಬೇರಿಂಗು, ಆಯಿಲ್ ಸೀಲು, ಬೋಲ್ಟು, ಹೋಸು ಎಲ್ಲವೂ ಅಳತೆಯ ಮೇಲೆ ಸಿಗುತ್ತವೆ. "ಯಾವ ಗಾಡಿಯದು" ಎಂದು ಕೇಳಿದರೆ ಹೆಸರು ಹೇಳಬೇಡಿ, ಅಳತೆ ಹೇಳಿ. ಮಾಜ್ದಾ ಎಂದ ಕೂಡಲೇ ಅವರು ಲಾರಿಯ ಸಾಮಾನು ತೆಗೆಯಲು ಏಣಿ ಹತ್ತುತ್ತಾರೆ. ಕುರ್ಲಾದ ಸಿಎಸ್‌ಟಿ ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಕನೆಕ್ಟರ್, ರಿಲೇ, ಕ್ಲಿಪ್ಪುಗಳು ಸಿಗುತ್ತವೆ. ಬ್ರೇಕಿನ ಭಾಗವನ್ನು ಮಾತ್ರ ಹಳೆಯದು ತರಬೇಡಿ.

ಮಳೆಯ ನಾಲ್ಕು ತಿಂಗಳು

ಜೂನಿನಿಂದ ಸೆಪ್ಟೆಂಬರ್‌ವರೆಗೆ ನಾನು ಈ ಕಾರನ್ನು ಅಪರೂಪಕ್ಕೆ ತೆಗೆಯುತ್ತೇನೆ. ನಿಲ್ಲಿಸುವ ಮೊದಲು ಟ್ಯಾಂಕ್ ತುಂಬಿಸಿ, ಖಾಲಿ ಜಾಗ ಇದ್ದಷ್ಟೂ ತೇವದ ಗಾಳಿ ಸೇರುತ್ತದೆ. ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಬ್ರೇಕ್ ಹಿಡಿದುಕೊಂಡುಬಿಡುತ್ತದೆ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ. ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕಿ, ಪ್ಲಾಸ್ಟಿಕ್ ಹಾಳೆ ಹಾಕಿದರೆ ಒಳಗೆ ಆವಿ ಕಟ್ಟುತ್ತದೆ. ಹೆಗ್ಗಣಗಳು ಬಾನೆಟ್ಟಿನೊಳಗೆ ಬೆಚ್ಚಗೆ ಗೂಡು ಮಾಡಿ ವೈರು ಕಡಿಯುತ್ತವೆ, ವಾರಕ್ಕೊಮ್ಮೆ ತೆರೆದು ನೋಡಿ.

ಆಗಾಗ ಐದು ನಿಮಿಷ ಇಂಜಿನ್ ಚಾಲೂ ಮಾಡಿ ನಿಲ್ಲಿಸುವ ಅಭ್ಯಾಸ ಬೇಡ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸಿದರೆ ಆಯಿಲಿನಲ್ಲಿ, ಸೈಲೆನ್ಸರಿನಲ್ಲಿ ನೀರು ಉಳಿದುಬಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಮಳೆ ಬಿಡುವು ಕೊಟ್ಟ ಬೆಳಗ್ಗೆ ಅರ್ಧ ಗಂಟೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಓಡಿಸಿ, ಅಥವಾ ಮುಟ್ಟಲೇಬೇಡಿ.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂದು ಮಾವನ ಕಾರು ಉಳಿದದ್ದು ವಾಚ್‌ಮನ್ ಹೇಳಿದ ಮಾತಿನಿಂದ. ಅವರು ಮಧ್ಯಾಹ್ನವೇ ಬಂದು ಕಾರನ್ನು ಗೇಟಿನ ಎತ್ತರದ ಇಳಿಜಾರಿಗೆ ಹತ್ತಿಸಲು ಒತ್ತಾಯಿಸಿದ್ದರು. ನಿಮ್ಮ ಆವರಣದಲ್ಲಿ ನೀರು ಮೊದಲು ಎಲ್ಲಿ ನಿಲ್ಲುತ್ತದೆಂದು ವಾಚ್‌ಮನ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಬೀಗದ ಕೈಯ ಇನ್ನೊಂದು ಜೊತೆ ಎಲ್ಲಿದೆ ಎಂಬುದು ಮನೆಯವರಿಗೆ ತಿಳಿದಿರಲಿ. ಕಾರು ಮುಳುಗಿದ್ದರೆ ಚಾಲೂ ಮಾಡಬೇಡಿ. ಸಿಲಿಂಡರಿನೊಳಗೆ ನೀರಿದ್ದರೆ ಅದು ಕುಗ್ಗದು, ಪಿಸ್ಟನ್ನಿಗೆ ಕೂಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ಯಾಟರಿ ಕಳಚಿ, ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆಸಿ, ನೀರು ಹೊರಹಾಕಿ, ಆಯಿಲ್ ಬದಲಿಸಿದ ಮೇಲೆಯೇ ಮುಂದಿನ ಮಾತು.

ಕಾಗದಪತ್ರದ್ದು ಎರಡೇ ಮಾತು. ಹದಿನೈದು ವರ್ಷ ತುಂಬಿದ ಖಾಸಗಿ ಕಾರಿನ ನೋಂದಣಿಯನ್ನು ಫಾರ್ಮ್ 25 ಕೊಟ್ಟು, ಆರ್‌ಟಿಒ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಪರಿಸರ ತೆರಿಗೆ ಬೇರೆ. ಆಮದು ಕಾರಿಗೆ ನವೀಕರಣ ಶುಲ್ಕ ಮಾಮೂಲಿ ಕಾರಿಗಿಂತ ಬಹಳ ಹೆಚ್ಚು, ಹಣ ತೆಗೆದಿಡಿ. ವಿಮೆಯಲ್ಲಿ ಐದು ವರ್ಷ ಮೀರಿದ ಕಾರಿನ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳುವುದು. ಬಿಲ್ಲುಗಳನ್ನೂ ಫೋಟೋಗಳನ್ನೂ ಮುಂದಿಟ್ಟು ಕೇಳಿ, ಅವರು ಬರೆದ ಸಣ್ಣ ಮೊತ್ತಕ್ಕೆ ಸುಮ್ಮನೆ ಸಹಿ ಹಾಕಬೇಡಿ.

ಆಯುಧಪೂಜೆಯ ಹೊತ್ತಿಗೆ ಮಳೆ ಹಿಂದೆಗೆದಿರುತ್ತದೆ. ಹಿಂದಿನ ದಿನ ತೊಳೆದು, ಹುಡ್ ತೆರೆದು ಬಿಸಿಲಿಗೆ ಒಣಗಿಸಿ. ಕುಂಕುಮವನ್ನು ಗಾಜಿಗೆ ಅಥವಾ ನಂಬರ್ ಪ್ಲೇಟಿಗೆ ಹಚ್ಚಿ. ಹುಡ್ ಮೇಲೆ ಬಿದ್ದರೆ ಕಲೆ ಹೋಗುವುದಿಲ್ಲ. ಚೆಂಡುಹೂವಿನ ಒದ್ದೆ ಹಾರವನ್ನು ಸಂಜೆಯೇ ತೆಗೆಯಿರಿ, ಅದರ ಹಳದಿ ರಸ ಬಣ್ಣಕ್ಕೆ ಇಳಿಯುತ್ತದೆ. ನಿಂಬೆಹಣ್ಣು ಚಕ್ರದ ಕೆಳಗೆ ಇಡುವಾಗ ಮರದ ತುಂಡು ತೆಗೆದಿರೇ ಎಂದು ನೋಡಿಕೊಳ್ಳಿ. ಮೊದಲ ಹತ್ತು ಕಿಲೋಮೀಟರ್ ನಿಧಾನವಾಗಿ, ಬ್ರೇಕಿನ ಡಿಸ್ಕಿನ ಮೇಲಿನ ತುಕ್ಕು ಉಜ್ಜಿಹೋಗುವವರೆಗೆ. ನಾವು ಐರೋಲಿ ಸೇತುವೆ ದಾಟಿ ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಗೆ ಹೋಗುತ್ತೇವೆ, ಸೂರ್ಯ ಏರುವ ಮೊದಲು, ಹುಡ್ ತೆರೆದು. ಮರಳಿ ಬಂದು ನಿಲ್ಲಿಸಿದ ಮೇಲೆ ಮಗಳು ಕೇಳದೆಯೇ ಸೀಟಿನ ಹಿಂದೆ ಕೈ ಹಾಕಿ ಕಾರ್ಪೆಟ್ ಒತ್ತಿ ನೋಡುತ್ತಾಳೆ.